ಸಹಿಯ ಮೊದಲು: ವಿದ್ಯಾರ್ಥಿ ಚಳವಳಿ ಮತ್ತು ವಿದೇಶಾಂಗ ನೀತಿ

ಮಾನ್ಯ ಸಭಿಕರೆ,

ವಿದೇಶಾಂಗ ನೀತಿಯೆಂಬುದು ಮುತ್ಸದ್ದಿಗಳೂ ಅಧಿಕಾರಿಗಳೂ ಮುಚ್ಚಿದ ಕೋಣೆಯಲ್ಲಿ ಕೂತು ತೀರ್ಮಾನಿಸುವ ವಿಷಯ, ಅಲ್ಲಿ ಇಪ್ಪತ್ತರ ಹರೆಯದವರಿಗೇನು ಕೆಲಸ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಅದರಲ್ಲಿ ಅರ್ಧ ನಿಜವಿದೆ. ನೀತಿ ರೂಪುಗೊಳ್ಳುವುದು ಮುಚ್ಚಿದ ಕೋಣೆಯಲ್ಲೇ. ಆದರೆ ಅದು ಜಾರಿಗೆ ಬರಬೇಕಾದರೆ ಒಬ್ಬ ಪ್ರತಿನಿಧಿ ಸಹಿ ಹಾಕಬೇಕು, ಸಂಸತ್ತು ಅನುಮೋದಿಸಬೇಕು, ಯುವಕರು ಸೈನ್ಯಕ್ಕೆ ಹೋಗಬೇಕು, ಯಾರಾದರೂ ಹಣ ಹೂಡಬೇಕು. ಇಂಥ ಘಟ್ಟವೊಂದನ್ನು ಸಕಾಲದಲ್ಲಿ ಹಿಡಿದಾಗ, ಮತ್ತು ವಿದ್ಯಾರ್ಥಿಗಳಲ್ಲದವರೂ ಜೊತೆಗೆ ಬಂದಾಗ, ವಿದ್ಯಾರ್ಥಿಗಳ ಪ್ರತಿಭಟನೆ ಫಲ ಕೊಟ್ಟಿದೆ ಎಂಬುದು ನನ್ನ ವಾದ.

1919ರ ಮೇ 4ರಂದು ಬೀಜಿಂಗ್‌ನಲ್ಲಿ ನಡೆದದ್ದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಮೊದಲ ಮಹಾಯುದ್ಧದಲ್ಲಿ ಗೆದ್ದ ಪಕ್ಷದಲ್ಲೇ ಇದ್ದ ಚೀನಾ, ತನ್ನ ಶಾಂಡೊಂಗ್ ಪ್ರಾಂತದಲ್ಲಿ ಜರ್ಮನಿಗಿದ್ದ ಹಕ್ಕುಗಳು ತನಗೆ ಮರಳುತ್ತವೆಂದು ನಂಬಿತ್ತು. ಪ್ಯಾರಿಸ್ ಶಾಂತಿ ಸಮ್ಮೇಳನ ಅವನ್ನು ಜಪಾನಿಗೆ ಕೊಟ್ಟಿತು. ಸುದ್ದಿ ತಲುಪಿದಾಗ ಸುಮಾರು 3,000 ವಿದ್ಯಾರ್ಥಿಗಳು ತಿಯಾನನ್ಮೆನ್ ಬಳಿ ಸೇರಿದರು. ವಿದೇಶಿ ರಾಯಭಾರ ಕಚೇರಿಗಳಿದ್ದ ಬಡಾವಣೆಯೊಳಕ್ಕೆ ಮೆರವಣಿಗೆಯನ್ನು ಬಿಡದಿದ್ದಾಗ, ಜಪಾನಿನ ಪರ ಎಂದು ಹೆಸರಾಗಿದ್ದ ಸಚಿವ ಚಾವೊ ರುಲಿನ್ ಅವರ ಮನೆಗೆ ನುಗ್ಗಿ ಬೆಂಕಿಯಿಟ್ಟರು. ಅದನ್ನು ನಾನು ಸಮರ್ಥಿಸಲಾರೆ. ಆ ಬೆಂಕಿಯಿಂದ ನೀತಿಯೂ ಬದಲಾಗಲಿಲ್ಲ. ಜೂನ್ ಮೊದಲ ವಾರದಲ್ಲಿ ಸರ್ಕಾರ ವಿದ್ಯಾರ್ಥಿಗಳನ್ನು ಗುಂಪುಗುಂಪಾಗಿ ಬಂಧಿಸಿದಾಗ ಶಾಂಘೈನ ವರ್ತಕರು ಅಂಗಡಿ ಮುಚ್ಚಿದರು, ಕಾರ್ಮಿಕರು ಕೆಲಸ ನಿಲ್ಲಿಸಿದರು. ಆಗ ಸರ್ಕಾರ ಅಲುಗಾಡಿತು. ಜೂನ್ 10ರಂದು ಚಾವೊ ಸೇರಿದಂತೆ ಮೂವರು ಹುದ್ದೆ ಕಳೆದುಕೊಂಡರು. ಅಷ್ಟಾದರೂ ಪ್ಯಾರಿಸ್‌ನ ಶಾಂತಿ ಒಪ್ಪಂದಕ್ಕೆ ಸಹಿ ಹಾಕುವ ವಿಚಾರದಲ್ಲಿ ಹೊಯ್ದಾಟ ನಿಂತಿರಲಿಲ್ಲ. ಪ್ಯಾರಿಸ್‌ನಲ್ಲಿದ್ದ ಚೀನೀ ವಿದ್ಯಾರ್ಥಿಗಳೂ ಕಾರ್ಮಿಕರೂ ಮುಖ್ಯ ಪ್ರತಿನಿಧಿಯ ಬಿಡಾರವನ್ನು ಸುತ್ತುವರಿದು, ಸಹಿ ಹಾಕಕೂಡದೆಂದು ಪಟ್ಟುಹಿಡಿದರು. ಜೂನ್ 28ರಂದು ವರ್ಸೈ ಅರಮನೆಯ ಕನ್ನಡಿಗಳ ಸಭಾಂಗಣದಲ್ಲಿ ಉಳಿದ ದೇಶಗಳವರು ಒಬ್ಬೊಬ್ಬರಾಗಿ ಸಹಿ ಹಾಕುತ್ತಿದ್ದಾಗ ಚೀನಾದ ಆಸನಗಳು ಖಾಲಿ ಇದ್ದವು. ಆ ಖಾಲಿ ಆಸನಗಳಿಂದಾಗಿ ಶಾಂಡೊಂಗ್ ಪ್ರಶ್ನೆ ಮುಗಿದ ಅಧ್ಯಾಯವಾಗಲಿಲ್ಲ. 1922ರಲ್ಲಿ ವಾಷಿಂಗ್ಟನ್‌ನಲ್ಲಾದ ಒಪ್ಪಂದದ ಮೂಲಕ ಆ ಪ್ರದೇಶ ಚೀನಾಕ್ಕೆ ಮರಳಿತು.

ತೈವಾನಿನ ವಿದ್ಯಾರ್ಥಿಗಳು ಹಿಡಿದದ್ದು ಅನುಮೋದನೆಯ ಘಟ್ಟವನ್ನು. ಚೀನಾದೊಂದಿಗಿನ ಸೇವಾ ವ್ಯಾಪಾರ ಒಪ್ಪಂದಕ್ಕೆ 2013ರಲ್ಲೇ ಸಹಿ ಬಿದ್ದಿತ್ತು. 2014ರ ಮಾರ್ಚ್ 18ರ ರಾತ್ರಿ ಸಂಸತ್ ಭವನದೊಳಗೆ ಹೋಗಿ ಕೂತವರು ಹೊರಬಂದದ್ದು ಏಪ್ರಿಲ್ 10ರಂದು. ಒಪ್ಪಂದ ಅನುಮೋದನೆಯಾಗಲೇ ಇಲ್ಲ. ದಕ್ಷಿಣ ಆಫ್ರಿಕಾದ ವರ್ಣಭೇದದ ವಿರುದ್ಧ ಎದ್ದ ಅಮೆರಿಕದ ವಿದ್ಯಾರ್ಥಿಗಳಿಗೆ ಅಂಥ ಯಾವ ಕಾಗದವೂ ಕೈಗೆಟುಕುವಂತಿರಲಿಲ್ಲ. ಅವರು ಕೈಯಿಟ್ಟದ್ದು ತಮ್ಮ ವಿಶ್ವವಿದ್ಯಾಲಯಗಳ ಹೂಡಿಕೆಯ ಮೇಲೆ. 1986ರ ಜುಲೈನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಡಳಿತ ಮಂಡಳಿ ದಕ್ಷಿಣ ಆಫ್ರಿಕಾದಲ್ಲಿ ವ್ಯವಹರಿಸುತ್ತಿದ್ದ ಕಂಪನಿಗಳಿಂದ ಹಣ ಹಿಂತೆಗೆಯಲು ಒಪ್ಪಿತು. ಅದೇ ಅಕ್ಟೋಬರ್‌ನಲ್ಲಿ ಅಧ್ಯಕ್ಷ ರೇಗನ್ ಅವರ ನಿರಾಕರಣಾಧಿಕಾರವನ್ನೂ ಮೀರಿ ಅಮೆರಿಕದ ಕಾಂಗ್ರೆಸ್ ದಿಗ್ಬಂಧನದ ಕಾಯಿದೆಯನ್ನು ಜಾರಿಗೆ ತಂದಿತು. ಚರ್ಚುಗಳು, ಕಾರ್ಮಿಕ ಸಂಘಗಳು, ಕಪ್ಪು ಜನರ ಸಂಘಟನೆಗಳು ವರ್ಷಗಟ್ಟಲೆ ದುಡಿದಿರದಿದ್ದರೆ ಇದು ಆಗುತ್ತಿರಲಿಲ್ಲ.

ವಿಯೆಟ್ನಾಂ ಯುದ್ಧದ ಲೆಕ್ಕ ಇಷ್ಟು ಸರಳವಲ್ಲ. 1970ರ ಏಪ್ರಿಲ್ 30ರಂದು ಅಮೆರಿಕದ ಅಧ್ಯಕ್ಷ ನಿಕ್ಸನ್ ವಿಯೆಟ್ನಾಂನ ನೆರೆಯ ಕಾಂಬೋಡಿಯಾಕ್ಕೆ ಸೈನ್ಯ ನುಗ್ಗಿಸಿದ್ದನ್ನು ಪ್ರಕಟಿಸಿದರು. ಮೇ 4ರಂದು ಓಹಾಯೊದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದ ಆವರಣದಲ್ಲಿ ನ್ಯಾಷನಲ್ ಗಾರ್ಡ್ ಸೈನಿಕರು 13 ಸೆಕೆಂಡುಗಳಲ್ಲಿ 67 ಗುಂಡು ಹಾರಿಸಿದರು. ನಾಲ್ವರು ವಿದ್ಯಾರ್ಥಿಗಳು ಸತ್ತರು. ಅವರಲ್ಲಿ ಇಬ್ಬರು ಪ್ರತಿಭಟನೆಯಲ್ಲಿ ಇರಲೇ ಇಲ್ಲ, ತರಗತಿಗೆ ಹೊರಟಿದ್ದವರು. ದೇಶದುದ್ದಕ್ಕೂ ಕಾಲೇಜುಗಳು ಬಂದ್ ಆದವು. ಜೂನ್ ಕೊನೆಯ ಹೊತ್ತಿಗೆ ಕಾಂಬೋಡಿಯಾದಿಂದ ಪದಾತಿ ಪಡೆಗಳು ವಾಪಸಾದವು, ಅಲ್ಲಿನ ಕಾರ್ಯಾಚರಣೆಗೆ ಹಣ ತಡೆಯುವ ತಿದ್ದುಪಡಿಯನ್ನು ಸೆನೆಟ್ ಅಂಗೀಕರಿಸಿತು. ಆದರೂ ಆಗ ನಡೆದ ಗ್ಯಾಲಪ್ ಜನಮತ ಸಮೀಕ್ಷೆಯಲ್ಲಿ 58 ಶೇಕಡಾ ಜನ ಆ ಸಾವುಗಳಿಗೆ ವಿದ್ಯಾರ್ಥಿಗಳನ್ನೇ ದೂರಿದರು, ಮತ್ತು 1972ರಲ್ಲಿ ನಿಕ್ಸನ್ 50ರಲ್ಲಿ 49 ರಾಜ್ಯಗಳನ್ನು ಗೆದ್ದರು. ವಿದ್ಯಾರ್ಥಿಗಳು ಯುದ್ಧ ನಿಲ್ಲಿಸಿದರೆಂದು ನಾನು ಹೇಳಲಾರೆ. ಯುದ್ಧವನ್ನು ಎಷ್ಟು ದೂರ ವಿಸ್ತರಿಸಬಹುದು ಎಂಬುದಕ್ಕೆ ಅವರು ಒಂದು ಗಡಿ ಹಾಕಿದರು.

ಸೋತ ಚಳವಳಿಯ ಪರಿಣಾಮವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅಮೆರಿಕದೊಂದಿಗಿನ ಭದ್ರತಾ ಒಪ್ಪಂದದ ಪರಿಷ್ಕರಣೆಯನ್ನು ಜಪಾನಿನ ವಿದ್ಯಾರ್ಥಿಗಳು 1960ರಲ್ಲಿ ವಿರೋಧಿಸಿದರು. ಜೂನ್ 15ರಂದು ಸಂಸತ್ತಿನ ಆವರಣದಲ್ಲಿ ಪೊಲೀಸರೊಂದಿಗೆ ನಡೆದ ಘರ್ಷಣೆಯಲ್ಲಿ ಟೋಕಿಯೊ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ, 22 ವರ್ಷದ ಕಾನ್ಬಾ ಮಿಚಿಕೊ ಪ್ರಾಣ ಕಳೆದುಕೊಂಡಳು. ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರ ಜಪಾನ್ ಭೇಟಿ ರದ್ದಾಯಿತು, ಪ್ರಧಾನಿ ಕಿಶಿ ಅಧಿಕಾರ ಬಿಟ್ಟರು, ಆದರೆ ಒಪ್ಪಂದ ಜಾರಿಗೆ ಬಂತು, ಇಂದಿಗೂ ಇದೆ. ಆದರೆ ಕಿಶಿಯವರ ನಂತರ ಬಂದ ಪ್ರಧಾನಿ ಇಕೆಡಾ, ಯುದ್ಧವನ್ನು ತ್ಯಜಿಸಿದ ಸಂವಿಧಾನವನ್ನು ತಿದ್ದುವ ಮಾತನ್ನು ಬದಿಗಿಟ್ಟು, ಜನರ ಆದಾಯವನ್ನು ಹತ್ತು ವರ್ಷಗಳಲ್ಲಿ ಇಮ್ಮಡಿಗೊಳಿಸುವ ಯೋಜನೆಯನ್ನು ಮುಂದಿಟ್ಟರು.