ದಾಭೋಲ್‌ನ ನಷ್ಟ ತುಂಬಿದವರು ಯಾರು?

ಶ್ರೋತೃಗಳಿಗೆ ನಮಸ್ಕಾರ. ಅಂಗಡಿಗೆ ಬೆಂಕಿ ಬಿದ್ದರೆ, ಲಾರಿ ಮಗುಚಿದರೆ ವಿಮೆಯ ಹಣ ಬರುವುದು ನಮಗೆಲ್ಲ ಗೊತ್ತಿರುವ ಸಂಗತಿ. ಸರ್ಕಾರವೇ ಕೊಟ್ಟ ಮಾತಿಗೆ ತಪ್ಪಿದಾಗ ನಷ್ಟ ತುಂಬಿಕೊಡುವ ವಿಮೆಯೂ ಇದೆ. ಅದನ್ನು ರಾಜಕೀಯ ಅಪಾಯದ ವಿಮೆ ಎನ್ನುತ್ತಾರೆ. ಪರದೇಶದಲ್ಲಿ ವಿದ್ಯುತ್ ಸ್ಥಾವರವನ್ನೋ ಬಂದರನ್ನೋ ಕಟ್ಟಲು ಹೊರಟವರಿಗೆ ಅಲ್ಲಿನ ಸರ್ಕಾರ ಆಸ್ತಿಯನ್ನು ಕಿತ್ತುಕೊಂಡೀತು, ಗಳಿಸಿದ ಹಣವನ್ನು ಡಾಲರಿಗೆ ಬದಲಾಯಿಸಿ ಕಳಿಸಲು ಬಿಡದೆ ಹೋದೀತು, ದಂಗೆ ಎದ್ದೀತು, ಒಪ್ಪಂದ ಮುರಿದುಬಿದ್ದೀತು ಎಂಬ ಭಯಗಳಿರುತ್ತವೆ. ಈ ಭಯಗಳಿಗೆ ರಕ್ಷೆ ಕೊಡಲೆಂದೇ ವಿಶ್ವಬ್ಯಾಂಕ್ ಸಮೂಹದಲ್ಲಿ 1988ರಲ್ಲಿ ಮಿಗಾ ಎಂಬ ಸಂಸ್ಥೆ ಹುಟ್ಟಿತು. ಅಮೆರಿಕಕ್ಕೆ ಆಗ ಓಪಿಕ್ ಎಂಬ ತನ್ನದೇ ಸರ್ಕಾರಿ ಸಂಸ್ಥೆಯಿತ್ತು.

ಈ ವಿಮೆ ಹೇಗೆ ನಡೆಯುತ್ತದೆ ಎಂಬುದಕ್ಕೆ ರತ್ನಾಗಿರಿ ಜಿಲ್ಲೆಯ ದಾಭೋಲ್ ವಿದ್ಯುತ್ ಯೋಜನೆಗಿಂತ ಹತ್ತಿರದ ಉದಾಹರಣೆ ಇಲ್ಲ. ಅಮೆರಿಕದ ಎನ್ರಾನ್ ಕಂಪನಿ ಮುಂದಾಳಾಗಿ, ಅಲ್ಲಿನವೇ ಆದ ಜನರಲ್ ಎಲೆಕ್ಟ್ರಿಕ್ ಮತ್ತು ಬೆಕ್ಟೆಲ್ ಪಾಲುದಾರರಾಗಿ ಕೈಗೆತ್ತಿಕೊಂಡ ಈ ಯೋಜನೆಯ ಮೊದಲ ಹಂತದ 740 ಮೆಗಾವ್ಯಾಟ್ ಘಟಕ 1999ರಲ್ಲಿ ಚಾಲೂ ಆಯಿತು. ವಿದ್ಯುತ್ ಪಡೆಯಲಿ ಬಿಡಲಿ, ಸ್ಥಾವರದ ಸಾಮರ್ಥ್ಯಕ್ಕೆ ತಕ್ಕ ಸ್ಥಿರ ಶುಲ್ಕವನ್ನು ಮಹಾರಾಷ್ಟ್ರ ವಿದ್ಯುತ್ ಮಂಡಳಿ ತಿಂಗಳು ತಿಂಗಳು ಕಟ್ಟಬೇಕಿತ್ತು. ಮಂಡಳಿಯ ಹಿಂದೆ ರಾಜ್ಯದ ಖಾತರಿ, ಅದರ ಹಿಂದೆ ಕೇಂದ್ರದ ಪ್ರತಿಖಾತರಿ! ದುಬಾರಿ ಬಿಲ್ಲುಗಳು ಬಾಕಿ ಬಿದ್ದು, 2001ರ ಮೇ ತಿಂಗಳಲ್ಲಿ ಮಂಡಳಿ ಒಪ್ಪಂದವನ್ನೇ ರದ್ದುಪಡಿಸಿ, ಸ್ಥಾವರ ನಿಂತಿತು.

ಆಗ ಬೆಕ್ಟೆಲ್, ತಾನು ವಿಮೆ ಮಾಡಿಸಿದ್ದ ಓಪಿಕ್‌ನ ಕದ ತಟ್ಟಿತು. ಭಾರತದ ಅಧಿಕಾರಿಗಳ ನಡೆ ಆಸ್ತಿ ಕಸಿದುಕೊಂಡದ್ದಕ್ಕೆ ಸಮ ಎಂದು 2003ರಲ್ಲಿ ಪಂಚಾಯ್ತಿದಾರರು ತೀರ್ಪಿತ್ತರು, ಪರಿಹಾರ ಪಾವತಿಯಾಯಿತು. ವ್ಯವಹಾರ ಅಲ್ಲಿಗೆ ಮುಗಿಯಲಿಲ್ಲ. ಪರಿಹಾರ ಕೊಟ್ಟ ಸಂಸ್ಥೆಗೆ ಹೂಡಿಕೆದಾರನ ಹಕ್ಕು ವರ್ಗವಾಗುವುದರಿಂದ, 2004ರಲ್ಲಿ ಅಮೆರಿಕ ಸರ್ಕಾರವೇ ಭಾರತದ ಮೇಲೆ ದಾವೆ ಹೂಡಿತು, ಮರುವರ್ಷ ಅದು ಇತ್ಯರ್ಥವಾಯಿತು. ಇಂಡೋನೇಷ್ಯಾದ ಪೂರ್ವ ಜಾವಾದಲ್ಲೂ ಹೀಗೆಯೇ: ನಿಂತುಹೋದ ವಿದ್ಯುತ್ ಯೋಜನೆಗಾಗಿ ಮಿಗಾ 2000ದಲ್ಲಿ ಎನ್ರಾನ್‌ಗೆ 15 ದಶಲಕ್ಷ ಡಾಲರ್ ಕೊಟ್ಟು, ಅದನ್ನು ಆ ದೇಶದ ಸರ್ಕಾರದಿಂದ ವಸೂಲು ಮಾಡಿಕೊಂಡಿತು.

ಇದನ್ನು ನಾನು ಒತ್ತಿ ಹೇಳಲು ಕಾರಣವಿದೆ. ಅಮೆರಿಕದ ಕಂಪನಿಗಳಿಗಿದ್ದ ಓಪಿಕ್‌ನ ರಕ್ಷೆ ದಾಭೋಲ್‌ಗೆ ಸಾಲ ಕೊಟ್ಟ ಐಡಿಬಿಐ, ಸ್ಟೇಟ್ ಬ್ಯಾಂಕ್ ಮೊದಲಾದ ನಮ್ಮ ಬ್ಯಾಂಕುಗಳಿಗೆ ಇರಲಿಲ್ಲ. 2005ರಲ್ಲಿ ಸ್ಥಾವರವನ್ನು ವಹಿಸಿಕೊಂಡ ಹೊಸ ಕಂಪನಿಯಲ್ಲಿ ಹಣ ತೊಡಗಿಸಿದವರೂ ಸಾರ್ವಜನಿಕ ಉದ್ಯಮಗಳಾದ ಎನ್‌ಟಿಪಿಸಿ ಮತ್ತು ಗೇಲ್. ನಮ್ಮ ನಂದಿಕೂರಿನಲ್ಲಿ 1000 ಮೆಗಾವ್ಯಾಟ್ ಸ್ಥಾವರ ಕಟ್ಟಬೇಕಿದ್ದ ಅಮೆರಿಕದ ಕೊಜೆಂಟ್ರಿಕ್ಸ್ ಕಂಪನಿ ಕೂಡ ಕೇಂದ್ರದ ಪ್ರತಿಖಾತರಿಗೆ ವರ್ಷಗಟ್ಟಲೆ ಕಾದು 1999ರ ಡಿಸೆಂಬರಿನಲ್ಲಿ ಹಿಂದೆ ಸರಿದದ್ದು ಹಲವರಿಗೆ ನೆನಪಿರಬಹುದು.

ಇಂಥ ವಿಮೆ ಬೇಡವೆಂದು ನಾನು ಹೇಳುತ್ತಿಲ್ಲ. ಅದಿಲ್ಲದಿದ್ದರೆ ಬಡ ದೇಶಗಳಿಗೆ ದೀರ್ಘಾವಧಿ ಸಾಲ ಹುಟ್ಟುವುದೇ ಕಷ್ಟ. ಆದರೆ ಸ್ಥಿರ ಶುಲ್ಕ ಎಷ್ಟು, ಯಾವ ಕರೆನ್ಸಿಯಲ್ಲಿ, ಎಷ್ಟು ವರ್ಷ, ತಪ್ಪಿದರೆ ಯಾರ ಬೊಕ್ಕಸದಿಂದ ಎಂಬ ನಾಲ್ಕು ಸಂಗತಿಗಳು ಸಹಿ ಬೀಳುವ ಮೊದಲೇ ಶಾಸನಸಭೆಯ ಮುಂದೆ ಬರಬೇಕು.