ಈ ಗಿಡ ಇಲ್ಲಿ ಯಾರು ಹಚ್ಚಿದ್ರು? | ಕೊಪ್ಪಳ, ರಾಯಚೂರು, ದರೋಜಿ

ನಮಸ್ಕಾರ್ರೀ ಎಲ್ರಿಗೂ. ಇವತ್ತು ಒಂದೇ ಪ್ರಶ್ನೆ ಹಿಡ್ಕೊಂಡು ಹೊಂಟೀನಿ, ಯಾರೂ ಹಚ್ಚದ ಗಿಡ ಅಲ್ಲೇ ಯಾಕ ಎದ್ದೈತಿ ಅನ್ನೋದು. ಇಲ್ಲಿ ನೋಡ್ರಿ, ಕೊಪ್ಪಳ ಹತ್ರದ ಒಂದು ಹೊಲ, ತಂತಿ ಬೇಲಿ ಗುಂಟ ಸಾಲು ಹಿಡಿದು ಬೇವಿನ ಸಸಿ ಎದ್ದಾವ, ಅಲ್ಲೇ ಆಚೆ ಬೀಳು ಬಿದ್ದ ಜಾಗದಾಗ ಒಂದೂ ಇಲ್ಲ. ಗೊರವಂಕ, ಪಿಕಳಾರ, ಕಾಗಿ ಎಲ್ಲಾ ಬೇವಿನ ಹಣ್ಣು ತಿಂದು ಬಂದು ಕೂಡೋದು ಈ ತಂತಿ ಮ್ಯಾಲ, ಬೀಜ ಬೀಳೋದು ಅದರ ಕೆಳಗ. ಬೇವಿನ ಬೀಜದ ಆಯುಷ್ಯ ಕೆಲವೇ ವಾರ, ಆದ್ರ ಹಣ್ಣಾಗೋ ಹೊತ್ತಿಗೆ ಮುಂಗಾರು ಬಂದಿರ್ತೈತಿ, ಹಂಗಾಗಿ ಬಿದ್ದಲ್ಲೇ ಹಸಿ ಸಿಕ್ಕು ಮೊಳಕಿ ಒಡೀತೈತಿ.

ರಾಯಚೂರು ಕೋಟೆ ಗೋಡಿ ಸಂದಿಯೊಳಗ ಅರಳಿ ಗಿಡ ಬೆಳೆಯೋದೂ ಹಕ್ಕಿ, ಬಾವಲಿಗಳಿಂದಾನ. ಬೀಜ ಸಾಸಿವಿಗಿಂತ ಸಣ್ಣದು, ಸಂದಿಯಾಗ ಒಂಚೂರು ಧೂಳು ಇದ್ರ ಅದಕ್ಕ ಸಾಕು.

ಈಗ ನಂಗ ಭಾಳ ಇಷ್ಟದ ಜಾಗ, ಸಂಡೂರು ತಾಲೂಕಿನ ದರೋಜಿ. 1994ರಾಗ ಇದನ್ನ ಕರಡಿಧಾಮ ಅಂತ ಘೋಷಣೆ ಮಾಡಿದ್ರು. ಧಾಮದ ಒಳಗ ನಡ್ಕೊಂಡು ಅಡ್ಡಾಡಂಗಿಲ್ಲ, ಈ ಶಾಟ್ ಹೊರಗ ಗುಡ್ಡದ ಬುಡದ ಕಾಲುದಾರಿದು. ಕ್ಯಾಮೆರಾ ಹತ್ರ ಒಯ್ದೀನಿ, ನೋಡ್ರಿ, ಒಣಗಿದ ಕರಡಿ ಲದ್ದಿ, ಕಡ್ಡೀಲೆ ಬಿಡಿಸಿದ್ರ ಒಳಗ ಬರೇ ಬಾರಿಹಣ್ಣಿನ ಬೀಜ, ಅದರ ಜೋಡಿ ಚಪ್ಪಟಿ ಕಂದು ಬಣ್ಣದ ಕಕ್ಕಿ ಬೀಜ, ಒಂದೂ ಒಡೆದಿಲ್ಲ. ಕಕ್ಕಿ ಕಾಯಿ ಸಿಪ್ಪಿ ಗಟ್ಟಿ, ಒಳಗಿನ ಕರೀ ತಿರುಳು ಸಿಹಿ, ಅದನ್ನ ಸೀಳಿ ತಿನ್ನೋ ದವಡಿ ಬಲ ಕರಡಿಗೆ ಐತಿ, ಹಕ್ಕಿಗಿಲ್ಲ. ಬ್ಯಾಸಿಗ್ಯಾಗ ಕಾರಿ, ಕವಳಿ, ಉಲುಪಿ, ನೇರಳೆ ಯಾವುದು ಹಣ್ಣಾಗ್ತೈತೋ ಅದನ್ನ ಹುಡುಕಿ ರಾತ್ರಿಯೆಲ್ಲಾ ಕಿಲೋಮೀಟರ್‌ಗಟ್ಟಲೆ ಅಡ್ಡಾಡ್ತೈತಿ, ತಿಂದಿದ್ದು ಒಂದು ಗುಡ್ಡದಾಗ, ಬೀಜ ಬೀಳೋದು ಇನ್ನೊಂದು ಗುಡ್ಡದಾಗ. ತಾಯಿ ಗಿಡದ ನೆರಳಾಗ ಬಿದ್ದ ಬೀಜಕ್ಕ ಹುಳ, ಇಲಿ ಕಾಟ ಜಾಸ್ತಿ, ದೂರ ಹೋದದ್ದು ಬದುಕೋ ಸಾಧ್ಯತೆ ಹೆಚ್ಚು. ಅದಕ್ಕ ನಾನು ಹೇಳೋದು, ಗುಡ್ಡದಾಗಿನ ಬಾರಿ, ಕವಳಿ ಪೊದಿ ಕಡಿದು ಬೇಲಿಗೆ ಒಯ್ದ್ರ ಕರಡಿ ಊಟ ಅಷ್ಟ ಅಲ್ಲ, ಮುಂದ ಹುಟ್ಟಬೇಕಾದ ಗಿಡಾನೂ ಹೋಗ್ತಾವ.

ಆದ್ರ ಹಿಂಗ ಬೀಜ ಒಯ್ಯೋ ಕೆಲಸದಿಂದಾನ ನಮ್ಮ ಭಾಗಕ್ಕ ದೊಡ್ಡ ತ್ರಾಸೂ ಆಗೈತಿ. ಬಳ್ಳಾರಿ ಜಾಲಿ. ಕೆರಿ ಅಂಗಳ, ಕಾಲುವಿ ದಂಡಿ, ಬೀಳು ಹೊಲ, ಎಲ್ಲಿ ನೋಡಿದ್ರೂ ಅದಾ. ಅದರ ಮೂಲ ಅಮೆರಿಕ ಖಂಡದ ಕಡೆ, 1870ರ ದಶಕದಾಗ ನಮ್ಮ ಪಕ್ಕದ ಕಡಪ ಕಡೆ ಉರುವಲಿಗೆ ಅಂತ ಬಿತ್ತಿದ್ರು. ಮನುಷ್ಯ ತಂದ ನಿಜ, ಆದ್ರ ಊರೂರಿಗೆ ಹಂಚಿದ್ದು ದನ, ಕುರಿ, ಮೇಕೆ. ಕಾಯಿ ಸಿಹಿ ಇರ್ತೈತಿ, ಬ್ಯಾಸಿಗ್ಯಾಗ ಬ್ಯಾರೆ ಮೇವು ಇಲ್ಲದಾಗ ಉದುರ್ತೈತಿ, ಅವು ಬಿಡ್ತಾವೇನು? ಒಳಗಿನ ಒಂದೊಂದು ಬೀಜಕ್ಕೂ ಗಟ್ಟಿ ಕವಚ. ಕುರಿ ಮೇಕೆ ಅಗಿಯೋವಾಗ ಒಂದಿಷ್ಟು ಬೀಜ ಹಾಳಾಗ್ತಾವ, ಆಕಳು ಎಮ್ಮಿ ಹೊಟ್ಟಿಯಿಂದ ಮಾತ್ರ ಭಾಳಷ್ಟು ಹಂಗ ಹೊರಗ ಬರ್ತಾವ, ಅದೂ ಸಗಣಿ ಗೊಬ್ಬರದ ಜೋಡಿ. ಮಳಿ ಬಿದ್ದ ಮ್ಯಾಲೆ ಒಂದು ಹಳೇ ಸಗಣಿ ಹೆಂಟಿ ನೋಡ್ರಿ, ಒಂದೇ ಕಡೆ ಗುಂಪುಗುಂಪಾಗಿ ಎರಡೆಲಿ ಜಾಲಿ ಮೊಳಕಿ. ದನ ಮಲಗೋ ಜಾಗ, ನೀರಿಗೆ ಹೋಗೋ ದಾರಿ, ಕುರಿ ಹಟ್ಟಿ ಹಾಕಿದ ಜಾಗ, ಜಾಲಿ ದಟ್ಟ ಇರೋದೂ ಅಲ್ಲೇ.

ಕುರಿ ಕಾಯೋ ಕಾಕಾ ಒಬ್ರನ್ನ ಕೇಳಿದ್ನಿ, "ಈ ಕಾಯಿ ಇಲ್ಲಂದ್ರ ಬ್ಯಾಸಿಗಿ ದಾಟೋದು ಹೆಂಗ ತಮ್ಮಾ?" ಅಂದ್ರು. ಅವರ ಮಾತು ಖರೇನ ಐತಿ, ಆ ಕಾಯಿ ಬಿಡ್ರಿ ಅಂತ ಹೇಳೋಕೆ ನಂಗ ಬಾಯಿ ಬರ್ಲಿಲ್ಲ. ಬಿಡೋದೂ ಬ್ಯಾಡ. ಕಾಯಿ ಆರಿಸಿ, ಬಿಸಿಲಿಗೆ ಚೊಲೋತ್ನಂಗ ಒಣಗಿಸಿ, ಬೀಜ ಸಹಿತ ನುಣ್ಣಗ ಪುಡಿ ಮಾಡಿ, ಬ್ಯಾರೆ ಮೇವಿನ ಜೋಡಿ ಕಲಸಿ ಹಾಕಿದ್ರ ಮೇವೂ ಆಗ್ತೈತಿ, ಬೀಜಾನೂ ಸಾಯ್ತೈತಿ. ಇನ್ನ ಗೊಬ್ಬರಕ್ಕಂತ ಹೊಲದಾಗ ಕುರಿ ನಿಲ್ಲಿಸೋ ರೈತರು ಮೊದಲ ಕೇಳ್ಕೊಳ್ರಿ, ಹಿಂಡು ಈಗ ಎಲ್ಲಿ ಮೇಯ್ದು ಬಂದೈತಿ ಅಂತ. ಜಾಲಿ ಕಾಯಿ ತಿಂದು ಬಂದಿದ್ರ ಒಂದು ವಾರ ಬ್ಯಾರೆ ಮೇವಿನ ಮ್ಯಾಲೆ ಇಟ್ಟು, ಹೊಟ್ಯಾಗಿನ ಬೀಜ ಹೊರಗ ಹೋದ ಮ್ಯಾಲೆ ಹೊಲಕ್ಕ ಕರೀರಿ.