ಜಿಗಿಯದ ಮಗು ಎಲ್ಲಿದೆ?

ಕೇಳುಗರಿಗೆಲ್ಲ ನಮಸ್ಕಾರ.

ಕಲಘಟಗಿ ತೊಟ್ಟಿಲು ನೋಡಿದ್ದೀರಲ್ವಾ? ನಮ್ಮ ತವರುಮನೆಯಲ್ಲಿ ಒಂದಿದೆ. ಸಾಗವಾನಿ ಕಟ್ಟಿಗೆ, ಮೇಲೆ ಅರಗಿನ ಬಣ್ಣ, ಸುತ್ತಲೂ ರಾಮಾಯಣದ ಚಿತ್ರ. ನಮ್ಮ ಅಣ್ಣ ಹುಟ್ಟಿದಾಗ ತಂದದ್ದಂತೆ. ಅವನು ಮಲಗಿದ, ನಾನು ಮಲಗಿದೆ, ನಮ್ಮ ಮಕ್ಕಳು ಮಲಗಿದರು. ಆರು ವರ್ಷದ ಹಿಂದೆ ನನ್ನ ಮೊಮ್ಮಗಳನ್ನೂ ಅದರಲ್ಲೇ ಹಾಕಿ ಹೆಸರಿಟ್ಟೆವು. ನಡುವೆ ಬೀಗರ ಮನೆ, ಓಣಿಯವರ ಮನೆ ಅಂತ ಅದು ಅರ್ಧ ಧಾರವಾಡ ಸುತ್ತಿ ಬಂದಿದೆ. ಹನುಮಂತನ ಬಾಲದ ಬಣ್ಣ ಹೋಗಿದೆ. ಯಾವುದೋ ಕೂಸು ಹಲ್ಲು ಬರುವಾಗ ಅಂಚು ಕಚ್ಚಿದೆ. ಅಷ್ಟೇ.

ಆ ಮೊಮ್ಮಗಳು ಈಗ ಒಂದನೇ ಇಯತ್ತೆ. ಅವಳಿಗೆ ಅಂತ ಹುಬ್ಬಳ್ಳಿಯ ಒಂದು ಅಂಗಡಿಯಿಂದ ಓದುವ ಟೇಬಲ್ಲು, ಕುರ್ಚಿ ತಂದೆವು. ಗುಲಾಬಿ ಬಣ್ಣ, ಮೇಲೆ ಆನೆಮರಿಯ ಚಿತ್ರ, 4,500 ರೂಪಾಯಿ. ಏಳು ತಿಂಗಳಿಗೆ ಕುರ್ಚಿಯ ಹಿಂದಿನ ಕಾಲು ಸ್ಕ್ರೂ ಸಮೇತ ಕಿತ್ತು ಬಂತು. ಹುಡುಗಿ ಅಂಗಾತ ಬಿದ್ದಳು. ಪುಣ್ಯಕ್ಕೆ ಹಿಂದೆ ಸುತ್ತಿಟ್ಟ ಹಾಸಿಗೆ ಇತ್ತು.

ಕುರ್ಚಿ, ಕಾಲು ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಹೋದೆ. ಅಂಗಡಿಯವರು ಕಾಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಅಕ್ಕಾರ, ಹುಡುಗಿ ಇದರ ಮ್ಯಾಲ ಹತ್ತಿ ಜಿಗದಿರತಾಳ ಬಿಡ್ರಿ. ಅದಕ್ಕ ನಾವೇನ್ ಮಾಡೂಣು?" ಅಂದರು.

ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಕಲಿಸಿದವಳು ನಾನು. ಜಿಗಿಯದ ಮಗುವನ್ನು ಇನ್ನೂ ನೋಡಿಲ್ಲ. ಕುರ್ಚಿಯನ್ನು ಮಕ್ಕಳು ಕೂರುವುದಕ್ಕೆ ಬಳಸುವುದು ಕಡಿಮೆ. ಅದು ಬಸ್ಸಾಗುತ್ತದೆ, ಅಡ್ಡ ಮಲಗಿಸಿದರೆ ಅಂಗಡಿಯಾಗುತ್ತದೆ, ಡಬ್ಬಿಯ ಬೆಲ್ಲ ತೆಗೆಯಲು ಏಣಿಯಾಗುತ್ತದೆ. ದೊಡ್ಡವರ ಕುರ್ಚಿ ಹಾಗೆ ಮುರಿದರೆ ಮಾತು ಬೇರೆ. ಮಕ್ಕಳದು ಅಂತಲೇ ಹೇಳಿ ಮಾರಿದ ಮೇಲೆ, ಅದನ್ನು ಮಗು ಬಳಸಿದ್ದೇ ತಪ್ಪು ಅಂದರೆ ಹೇಗೆ?

ಹಾಗಾದರೆ ಮಕ್ಕಳ ಕುರ್ಚಿ, ಮಂಚ, ಟೇಬಲ್ಲು ಎಷ್ಟು ದಿನ ಬಾಳಬೇಕು? ನಮ್ಮ ಕಾನೂನಿನಲ್ಲಿ ಇಷ್ಟೇ ವರ್ಷ ಅಂತ ಬರೆದಿಲ್ಲ. ಯುರೋಪ್ ಒಕ್ಕೂಟದ ದೇಶಗಳಲ್ಲಿ ಕೊಂಡ ವಸ್ತುವಿಗೆ ಕನಿಷ್ಠ 2 ವರ್ಷದ ಹೊಣೆ ಮಾರಿದವರ ಮೇಲಿರುತ್ತದೆ. ನಾರ್ವೆಯಲ್ಲಿ, ಬಹಳ ಕಾಲ ಬಾಳಬೇಕಾದ ವಸ್ತುಗಳಿಗೆ 5 ವರ್ಷ. ನಮ್ಮಲ್ಲಿ ಅಂಗಡಿಯವರು ಕೊಟ್ಟಷ್ಟು ವಾರಂಟಿ. ನನ್ನ ಲೆಕ್ಕ ಮಾತ್ರ ಸರಳ. ನಮ್ಮ ಕುರ್ಚಿ ಬಂದ ಪೆಟ್ಟಿಗೆಯ ಮೇಲೆ "3ರಿಂದ 8 ವರ್ಷದ ಮಕ್ಕಳಿಗೆ" ಅಂತ ಅಚ್ಚಾಗಿತ್ತು. ಹಾಗೆ ಬರೆದವರೇ ಮಾತು ಕೊಟ್ಟಂತಾಯಿತಲ್ವಾ? ಮೂರರಲ್ಲಿ ಕೂತ ಮಗು ಎಂಟು ತುಂಬುವ ತನಕ ಕೂರಬೇಕು. ಮಗುವಿಗೆ ಕುರ್ಚಿ ಚಿಕ್ಕದಾಗಬೇಕೇ ಹೊರತು, ಅದಕ್ಕೂ ಮೊದಲೇ ಕುರ್ಚಿ ಸಾಯಬಾರದು.

ಮುರಿದ ಕಾಲನ್ನು ನಮ್ಮ ಓಣಿಯ ಬಡಿಗೇರರಿಗೆ ತೋರಿಸಿದೆ. ಉಗುರಿನಿಂದ ಕೆರೆದರು. ಪುಡಿ ಉದುರಿತು. "ಇದು ಕಟ್ಟಿಗಿ ಅಲ್ರಿ, ಭೂಸಾ" ಅಂದರು. ಪಾರ್ಟಿಕಲ್ ಬೋರ್ಡು. ಮರದ ಚೂರು, ಹೊಟ್ಟನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ. ಅದೇನೂ ಮೋಸವಲ್ಲ. ಗೋಡೆಯ ಕಪಾಟಿಗೆ, ಅಲುಗಾಡದ ಜಾಗಕ್ಕೆ ನಡೆಯುತ್ತದೆ. ಆದರೆ ದಿನಾ ನೂರು ಸಲ ಎಳೆದಾಡುವ ಕುರ್ಚಿಯ ಕಾಲಿಗೆ? ಸ್ಕ್ರೂ ಒಮ್ಮೆ ಸಡಿಲಾದರೆ ಸುತ್ತಲಿನ ಪುಡಿ ಉದುರಿ ತೂತು ದೊಡ್ಡದಾಗುತ್ತದೆ. ಮತ್ತೆ ಬಿಗಿ ಮಾಡಿದರೂ ಹಿಡಿಯುವುದಿಲ್ಲ. ನೀರು ಬಿದ್ದರೆ ಉಬ್ಬುತ್ತದೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಕಿಟಕಿ ಪಕ್ಕ ಇಟ್ಟರಂತೂ ಮುಗೀತು. ಕಟ್ಟಿಗೆಯ ಹಳೇ ಕುರ್ಚಿಯಲ್ಲಿ ಒಂದು ತುಂಡಿನ ತುದಿ ಇನ್ನೊಂದರ ಒಳಗೆ ಕೂತಿರುತ್ತದೆ. ಸಡಿಲಾದರೆ ಒಂದು ಬೆಣೆ ಹೊಡೆದರೆ ಮತ್ತೆ ಹತ್ತು ವರ್ಷ. ಬಣ್ಣ, ಆನೆಮರಿ ಆಮೇಲೆ ನೋಡಿ. ಮೊದಲು ಕುರ್ಚಿಯನ್ನು ಬೋರಲು ಹಾಕಿ, ಕಾಲು ಏತರದ್ದು, ಹೇಗೆ ಕೂಡಿಸಿದ್ದಾರೆ ನೋಡಿ. ನಾನು ನೋಡಿರಲಿಲ್ಲ.

ಈಗ ಕಾನೂನಿನ ಮಾತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. "ಒಮ್ಮೆ ಮಾರಿದ ಸರಕು ವಾಪಸ್ ಇಲ್ಲ" ಅಂತ ಗಲ್ಲಾದ ಹಿಂದೆ ಬೋರ್ಡು ನೇತು ಹಾಕಿರುತ್ತಾರಲ್ಲ, ದೋಷವಿರುವ ಸರಕಿಗೆ ಅದು ನಡೆಯುವುದಿಲ್ಲ. ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ, ಏನೂ ಬರೆದಿಲ್ಲದಿದ್ದರೆ 30 ದಿನದೊಳಗೆ, ದೋಷದ ವಸ್ತು ವಾಪಸ್ ತೆಗೆದುಕೊಂಡು ಹಣ ಕೊಡಲು ಒಪ್ಪದಿದ್ದರೆ ಅದು ಅನುಚಿತ ವ್ಯಾಪಾರ. ಬಿಲ್ಲು ಕೊಡದಿರುವುದೂ ಅಷ್ಟೇ. ಆದರೆ ಮನೆಗೆ ತಂದ ಮೇಲೆ ಗುಲಾಬಿ ಬಣ್ಣ ಬೇಡ, ನೀಲಿ ಬೇಕು ಅನಿಸಿದರೆ ಈ ಕಾಯ್ದೆ ನೆರವಿಗೆ ಬರುವುದಿಲ್ಲ. ದೋಷ ಬೇರೆ, ಮನಸ್ಸು ಬದಲಾಗುವುದು ಬೇರೆ.

ವಸ್ತುವಿನ ದೋಷದಿಂದ ಮಗುವಿಗೆ ಪೆಟ್ಟಾದರೆ, ತಯಾರಿಸಿದವರಿಂದ ಪರಿಹಾರ ಕೇಳಬಹುದು. ಕೆಲವು ಸಂದರ್ಭಗಳಲ್ಲಿ ಮಾರಿದವರಿಂದಲೂ. ಇಲ್ಲೊಂದು ಗಂಟಿದೆ. ಪೆಟ್ಟಾದ ಹೊತ್ತಿಗೆ ವಸ್ತುವನ್ನು ತಪ್ಪಾಗಿ ಬಳಸಿದ್ದರು ಅಂತ ತೋರಿಸಿದರೆ ಮಾರಿದವರು ಪಾರಾಗಬಹುದು ಅಂತಲೂ ಅದೇ ಕಾಯ್ದೆಯಲ್ಲಿದೆ. ಅಂದರೆ "ಹುಡುಗಿ ಜಿಗದಿರತಾಳ" ಅನ್ನುವುದು ಸುಮ್ನೆ ಬಾಯಿಮಾತಲ್ಲ, ಅವರ ಗುರಾಣಿ. ಅದಕ್ಕೇ ನೀವು ಏನು ಹೇಳುತ್ತೀರಿ ಅನ್ನುವುದಕ್ಕಿಂತ ಏನು ತೋರಿಸುತ್ತೀರಿ ಅನ್ನುವುದು ಮುಖ್ಯ. ಮುರಿದ ಕೂಡಲೇ ಫೋಟೋ ತೆಗೆಯಿರಿ. ಸ್ಕ್ರೂ ಕಿತ್ತು ಬಂದ ತೂತಿನದು, ಪೆಟ್ಟಿಗೆಯ ಮೇಲಿನ ವಯಸ್ಸಿನದು, ಎಷ್ಟು ಕಿಲೋ ತೂಕ ತಡೆಯುತ್ತದೆ ಅಂತ ಚೀಟಿ ಇದ್ದರೆ ಅದರದ್ದೂ. ಫೆವಿಕಾಲ್ ಹಚ್ಚಿ ಹಗ್ಗ ಕಟ್ಟಿದಿರೋ, ಆಮೇಲೆ ನೀವೇ ಕೆಡಿಸಿದ್ದು ಅನ್ನುತ್ತಾರೆ.

ನಾನೊಂದು ದಡ್ಡತನ ಮಾಡಿದ್ದೆ. "ಪಕ್ಕಾ ಬಿಲ್ ಬ್ಯಾಡಂದ್ರ ಸ್ವಲ್ಪ ಕಡಿಮಿ ಮಾಡತೀನ್ರಿ" ಅಂದಾಗ ಹೂಂ ಅಂದಿದ್ದೆ. ಮಕ್ಕಳಿಗೆ ಪ್ರಾಮಾಣಿಕತೆಯ ಪಾಠ ಹೇಳಿದ ಬಾಯಿಯದು! ಕಡೆಗೆ ಉಳಿಸಿದ್ದು ಫೋನ್‌ಪೇ. ಎಷ್ಟು ಹಣ, ಯಾವ ದಿನ, ಯಾರಿಗೆ ಅಂತ ಅದರಲ್ಲಿ ಉಳಿದಿತ್ತು. ನಗದು ಕೊಟ್ಟಿದ್ದರೆ ನಾನು ಅಲ್ಲಿ ಕೊಂಡದ್ದೇ ಸುಳ್ಳಾಗುತ್ತಿತ್ತು.

ಅಂಗಡಿಗೆ ಒಂದು ಪತ್ರ ಬರೆದೆ. ಎರಡು ಪ್ರತಿ ಮಾಡಿ, ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಅವರ ಸಹಿ, ದಿನಾಂಕ ಹಾಕಿಸಿಕೊಂಡೆ. ಆಮೇಲೆ 1915ಕ್ಕೆ ಫೋನ್ ಮಾಡಿದೆ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು. ಅದು ಕೋರ್ಟಲ್ಲ, ತೀರ್ಪು ಕೊಡುವುದಿಲ್ಲ. ದೂರು ಬರೆದುಕೊಂಡು ಸಂಬಂಧಪಟ್ಟವರಿಗೆ ಮುಟ್ಟಿಸುತ್ತಾರೆ.

ಅಲ್ಲಿಗೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಧಾರವಾಡ, ಗದಗ, ಹಾವೇರಿ, ಮೂರೂ ಜಿಲ್ಲೆಗಳಿಗೆ ಅವರವರದೇ ಆಯೋಗ. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕ ಇಲ್ಲ. ವಕೀಲರೇ ಬೇಕು ಅಂತಿಲ್ಲ. ವಸ್ತು ಎಲ್ಲೇ ಕೊಂಡಿರಲಿ, ನೀವು ಇರುವ ಊರಿನ ಆಯೋಗಕ್ಕೇ ದೂರು ಕೊಡಬಹುದು. ಆನ್‌ಲೈನ್‌ನಲ್ಲಿ ತರಿಸಿದ ಮಂಚ ಮುರಿದರೆ ಗದಗಿನವರು ಬೆಂಗಳೂರಿಗೆ ಓಡಬೇಕಿಲ್ಲ. ದೂರಿಗೆ ಕಾರಣವಾದ ದಿನದಿಂದ 2 ವರ್ಷದೊಳಗೆ ಕೊಡಬೇಕು, ಅದನ್ನು ಮರೆಯಬೇಡಿ. ವಾರಂಟಿ ಮುಗಿದ ಮೇಲೆ ಗೆಲ್ಲುವುದು ಕಷ್ಟ. ಆದರೆ ದೋಷ ಮೊದಲಿನಿಂದಲೇ ಒಳಗಿತ್ತು ಅಂತ ತೋರಿಸಿಕೊಡಲು ಸಾಧ್ಯವಿದ್ದರೆ ದಾರಿ ಪೂರ್ತಿ ಮುಚ್ಚುವುದಿಲ್ಲ. ಪರೀಕ್ಷೆ ಬೇಕಾದರೆ ಆಯೋಗವೇ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸುತ್ತದೆ. ಪರೀಕ್ಷೆ ಬೇಡದ ದೂರನ್ನು 3 ತಿಂಗಳಲ್ಲಿ, ಬೇಕಾದದ್ದನ್ನು 5 ತಿಂಗಳಲ್ಲಿ ಮುಗಿಸಲು ನೋಡಬೇಕು ಅಂತ ಕಾಯ್ದೆ ಹೇಳುತ್ತದೆ. ಜಾಸ್ತಿ ಹಿಡಿಯುವುದೂ ಉಂಟು.

ನಾನು ಆಯೋಗದ ತನಕ ಹೋಗಲಿಲ್ಲ. ಮೂರು ವಾರಕ್ಕೆ ಅಂಗಡಿಯವರೇ ಫೋನ್ ಮಾಡಿದರು. ಅಂಥದ್ದೇ ಇನ್ನೊಂದು ಗುಲಾಬಿ ಕುರ್ಚಿ ಕೊಡುತ್ತೇವೆ ಅಂದರು. ಅದು ಬೇಡ, ಏಳು ತಿಂಗಳಾದ ಮೇಲೆ ಮತ್ತೆ ನಿಮ್ಮ ಮುಂದೆ ಬಂದು ನಿಲ್ಲುವ ಶಕ್ತಿ ನನಗಿಲ್ಲ ಅಂದೆ. ನಕ್ಕರು. ಕಬ್ಬಿಣದ ಪೈಪಿನ ಕಾಲಿನ ಒಂದು ಕುರ್ಚಿ ಕೊಟ್ಟರು. ಹಸಿರು ಬಣ್ಣ. ಟೇಬಲ್ಲಿಗೆ ಒಂದಿಷ್ಟೂ ಹೊಂದುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಒಂದು ಸಂಜೆ ಮೊಮ್ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಕೇಳಿದೆ. "ಖರೇ ಹೇಳು, ಅವತ್ತು ಕುರ್ಚಿ ಮ್ಯಾಲ ಜಿಗದಿದ್ದೇನು?"

"ಇಲ್ಲಾ ಅಜ್ಜಿ, ಬರೇ ನಿಂತಿದ್ದೆ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಒಂದ ಕಾಲ ಮ್ಯಾಲ" ಅಂದಳು.

ನಮಸ್ಕಾರ.